ಅರಕ್ಕೋಣಂನ ಟುಪೋಲೆವ್: 29 ವರ್ಷ ಅದನ್ನ ಹಾರುವ ಸ್ಥಿತಿಯಲ್ಲಿ ಇಟ್ಟವರು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದೋಕೆ ಕೊಡಿ ಅಂತ ಕೇಳಿದವರಿಗಾಗಿ ಈ ಬರಹ. ಮಾತಿನಲ್ಲಿ ಅವಸರದಲ್ಲಿ ಬಿಟ್ಟುಹೋದದ್ದನ್ನೂ ಇಲ್ಲಿ ಸೇರಿಸಿದ್ದೀನಿ.

ಚೆನ್ನೈನಲ್ಲಿ ಕೆಲಸ ಮಾಡುವ ನಮ್ಮವರಿಗೆ ಅರಕ್ಕೋಣಂ ಅಂದ್ರೆ ಬೃಂದಾವನ ಎಕ್ಸ್‌ಪ್ರೆಸ್ಸಿನ ಒಂದು ಸ್ಟಾಪು, ಅಷ್ಟೇ. ಆದರೆ 2015ರ ಡಿಸೆಂಬರ್ ಮಳೆಯಲ್ಲಿ ಇಲ್ಲಿದ್ದವರಿಗೆ ಆ ಊರು ಬೇರೆ ಥರ ನೆನಪಿರುತ್ತೆ. ಮೀನಂಬಾಕ್ಕಂ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿ ಮುಚ್ಚಿದಾಗ, ಅರಕ್ಕೋಣಂನ ನೌಕಾಪಡೆಯ ನೆಲೆ ಐಎನ್ಎಸ್ ರಾಜಾಳಿಯಿಂದ ಜನರನ್ನ ವಿಮಾನದಲ್ಲಿ ಕಳಿಸಿದ್ರು. ಅಲ್ಲಿನ ರನ್‌ವೇ ನಾಲ್ಕು ಕಿಲೋಮೀಟರಿಗಿಂತ ಉದ್ದ. ಸಮುದ್ರ ಕಾಣದ ಊರಲ್ಲಿ ನೌಕಾಪಡೆಗೆ ಅಷ್ಟುದ್ದದ ರನ್‌ವೇ ಯಾಕಪ್ಪಾ? ಉತ್ತರ ಟುಪೋಲೆವ್-142ಎಂ. ತುಂಬಿದಾಗ ಸುಮಾರು 185 ಟನ್ ತೂಗುವ, ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್ ಅಗಲದ, ಪ್ರೊಪೆಲ್ಲರಿನ ವಿಮಾನ. ಹೊಟ್ಟೆಯಲ್ಲಿ ಟಾರ್ಪಿಡೊ, ಡೆಪ್ತ್ ಚಾರ್ಜ್ ಹೊತ್ತು ಹಿಂದೂ ಮಹಾಸಾಗರದ ಮೇಲೆ ಜಲಾಂತರ್ಗಾಮಿ ಹುಡುಕುವುದು ಅದರ ಕೆಲಸ.

ಜೆಟ್ ಕಾಲದಲ್ಲಿ ಪ್ರೊಪೆಲ್ಲರ್ ಯಾಕೆ? ಜಲಾಂತರ್ಗಾಮಿ ಹುಡುಕೋದು ಓಟದ ಪಂದ್ಯ ಅಲ್ಲ, ಕಾವಲು. ದೂರ ಹೋಗಬೇಕು, ಅಲ್ಲೇ ಗಂಟೆಗಟ್ಟಲೆ ಸುತ್ತಬೇಕು, ನೀರಿಗೆ ಸೋನೋಬಾಯ್ ಎಸೆದು ಅದು ಕಳಿಸುವ ಸದ್ದು ಕೇಳಬೇಕು, ಮತ್ತೆ ಮನೆ ಸೇರಬೇಕು. ಇದಕ್ಕೆ ಆ ಕಾಲದ ಜೆಟ್ ವಿಪರೀತ ಇಂಧನ ಕುಡಿಯುತ್ತಿತ್ತು. ಕಡಿಮೆ ಗಾಳಿಯನ್ನ ಭಾರೀ ವೇಗದಲ್ಲಿ ಹಿಂದಕ್ಕೆ ಉಗುಳುವುದಕ್ಕಿಂತ, ಜಾಸ್ತಿ ಗಾಳಿಯನ್ನ ನಿಧಾನಕ್ಕೆ ತಳ್ಳಿದರೆ ಇಂಧನ ಉಳಿಯುತ್ತೆ. ಪ್ರೊಪೆಲ್ಲರ್ ಮಾಡೋದು ಅದನ್ನೇ.

ಈಗ ನಿಜವಾದ ಮಜಾ. ಇದರ ಎನ್‌ಕೆ-12 ಎಂಜಿನ್ ಒಂದೊಂದೂ ಸುಮಾರು 15,000 ಅಶ್ವಶಕ್ತಿಯದ್ದು. ನಮ್ಮ ರೈಲುಗಳನ್ನ ಎಳೆಯುವ ಡಬ್ಲ್ಯೂಎಪಿ-7 ಲೋಕೋಮೋಟಿವ್ 6,350 ಅಶ್ವಶಕ್ತಿ. ಅಂದ್ರೆ ಒಂದು ಎಂಜಿನ್ನಿಗೆ ಎರಡು ಲೋಕೋ ಸಾಲದು, ವಿಮಾನಕ್ಕೆ ಅಂಥ ಎಂಜಿನ್ ನಾಲ್ಕು! ಇಷ್ಟು ಶಕ್ತಿಯನ್ನ ಒಂದೇ ಪ್ರೊಪೆಲ್ಲರಿಗೆ ಕೊಟ್ಟರೆ ಅದು ನೆಲಕ್ಕೆ ತಾಗುವಷ್ಟು ದೊಡ್ಡದಾಗಬೇಕಾಗುತ್ತೆ. ಅದಕ್ಕೆ ಒಂದರ ಹಿಂದೆ ಒಂದು, ಎರಡು ಪ್ರೊಪೆಲ್ಲರ್ ಇಟ್ಟು ವಿರುದ್ಧ ದಿಕ್ಕಿಗೆ ತಿರುಗಿಸಿದ್ರು. ಮುಂದಿನದು ಗಾಳಿಯನ್ನ ತಳ್ಳುವಾಗ ಸುಳಿಯಾಗಿ ತಿರುಚಿಬಿಡುತ್ತೆ, ಆ ಸುಳಿಗೆ ಹೋದ ಶಕ್ತಿ ದಂಡ. ಹಿಂದಿನದು ಉಲ್ಟಾ ತಿರುಗಿ ಸುಳಿಯನ್ನ ನೇರ ಮಾಡುತ್ತೆ, ದಂಡವಾಗುತ್ತಿದ್ದ ಶಕ್ತಿಯೂ ಮುಂದಕ್ಕೆ ನೂಕುತ್ತೆ. ಒಂದೊಂದು ಪ್ರೊಪೆಲ್ಲರಿಗೆ ನಾಲ್ಕು ಅಲಗು, ಒಟ್ಟು 32.

ಅಡ್ಡಳತೆ 5.6 ಮೀಟರ್, ವೇಗ ನಿಮಿಷಕ್ಕೆ ಸುಮಾರು 750 ಸುತ್ತು. ಫ್ಯಾನಿನ ಹಾಗೆ ನಿಧಾನ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: ಅಲಗಿನ ತುದಿ ಸೆಕೆಂಡಿಗೆ 220 ಮೀಟರ್ ಓಡುತ್ತೆ. ವಿಮಾನದ ಮುನ್ನಡೆಯನ್ನೂ ಸೇರಿಸಿದರೆ, ಎತ್ತರದಲ್ಲಿ ಪೂರ್ಣ ವೇಗದಲ್ಲಿ ಹೋಗುವಾಗ ಆ ತುದಿಗಳು ಶಬ್ದದ ವೇಗವನ್ನೇ ದಾಟುತ್ತವೆ. ಜೊತೆಗೆ ಮುಂದಿನ ಅಲಗು ಕಲಕಿದ ಗಾಳಿಯನ್ನ ಹಿಂದಿನದು ಸೀಳಬೇಕು. ಅದರ ಸದ್ದಿಗೆ ಅಷ್ಟು ಕುಖ್ಯಾತಿ ಬಂದದ್ದು ಇದರಿಂದಲೇ.

ಆ ಸದ್ದಿನ ಬಗ್ಗೆ ನನಗೆ ಮೊದಲು ಹೇಳಿದ್ದು ಪುಸ್ತಕ ಅಲ್ಲ, ಒಬ್ಬ ಸಹಪ್ರಯಾಣಿಕರು. ಒಂದು ಶನಿವಾರ ಬೆಳಿಗ್ಗೆ ಬೃಂದಾವನದಲ್ಲಿ ಅರಕ್ಕೋಣಂನಲ್ಲಿ ಹತ್ತಿ ಪಕ್ಕ ಕೂತರು. ನಾನು ಫೋನಿನಲ್ಲಿ ಕನ್ನಡ ಮಾತಾಡೋದು ಕೇಳಿ, "ಯಾವ ಊರು ತಮಾ?" ಅಂದ್ರು. ಆ 'ತಮಾ' ಕೇಳಿದ ಕೂಡಲೇ ಉತ್ತರ ಕನ್ನಡದವರು ಅಂತ ಗೊತ್ತಾಯ್ತು. ನಿವೃತ್ತ ನೌಕಾಪಡೆಯವರು, ಟುಪೋಲೆವ್ ನಿರ್ವಹಣೆಯ ತಂಡದಲ್ಲಿದ್ದವರು. "ಅದರ ಸದ್ದು ಕಿವಿಗೆ ಅಲ್ಲ, ಎದೆಗೆ ಕೇಳ್ತಿತ್ತು" ಅಂದ್ರು. ಮೇ ತಿಂಗಳ ಬಿಸಿಲಲ್ಲಿ ರೆಕ್ಕೆಯ ಮೇಲೆ ಬರಿಗೈ ಇಡೋ ಹಾಗಿರಲಿಲ್ಲ. ಸಮುದ್ರದ ಮೇಲೆ ತಗ್ಗಿನಲ್ಲಿ ಹಾರಿ ಬಂದರೆ ಉಪ್ಪು ಹೋಗುವ ಹಾಗೆ ಸಿಹಿನೀರಲ್ಲಿ ತೊಳೀಬೇಕು, ಇಲ್ಲದಿದ್ದರೆ ತುಕ್ಕು. ಕೆಲಸ ಮುಗಿದ ಮೇಲೆ ಸ್ಪ್ಯಾನರ್‌ಗಳನ್ನ ಒಂದೊಂದಾಗಿ ಎಣಿಸಬೇಕು. ಒಂದು ಕಮ್ಮಿ ಬಂದ್ರೂ ಅದು ಸಿಗುವ ತನಕ ವಿಮಾನ ಕದಲುವ ಹಾಗಿಲ್ಲ. "ಹಾರೋದು ಅವರು, ಸಹಿ ನಂದು. ವಾಪಸ್ ಬಂದು ಚಕ್ರ ನೆಲಕ್ಕೆ ತಾಗೋ ತನಕ ಊಟ ರುಚಿಸ್ತಿರಲಿಲ್ಲ" ಅಂದದ್ದು ನನ್ನ ಮನಸ್ಸಲ್ಲಿ ಉಳಿದುಬಿಟ್ಟಿದೆ. ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಕೋಡ್ ಬಿಟ್ಟು ಮಲಗೋಕೆ ಒದ್ದಾಡಿದವರಿಗೆ ಇದು ಸ್ವಲ್ಪ ಅರ್ಥ ಆಗಬಹುದು. ಸ್ವಲ್ಪ ಮಾತ್ರ, ನಮಗೆ ರೋಲ್‌ಬ್ಯಾಕ್ ಇರುತ್ತೆ.

ಈಗ ದಿನಾಂಕಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಎಂಟು ವಿಮಾನಗಳು ನೌಕಾಪಡೆ ಸೇರಿದ್ದು 1988ರಲ್ಲಿ, ಗೋವಾದ ದಾಬೋಲಿಮ್‌ನಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಮಾಲ್ಡೀವ್ಸ್‌ನ ಆಪರೇಷನ್ ಕ್ಯಾಕ್ಟಸ್‌ಗೂ ಹೋದವು. ಸೋವಿಯತ್ ಒಕ್ಕೂಟ ಕಳಚಿಬಿದ್ದದ್ದು 1991ರ ಡಿಸೆಂಬರ್ ಕೊನೆಗೆ. ಐಎನ್ಎಸ್ ರಾಜಾಳಿಯನ್ನ ಆಗಿನ ರಾಷ್ಟ್ರಪತಿ ಆರ್. ವೆಂಕಟರಾಮನ್ ಉದ್ಘಾಟಿಸಿದ್ದು 1992ರ ಮಾರ್ಚ್ 11ರಂದು. ಅಂದ್ರೆ ವಿಮಾನಗಳಿಗೆ ಹೊಸ ಮನೆ ಸಿಗುವ ಎರಡೂವರೆ ತಿಂಗಳ ಮೊದಲೇ ಅವನ್ನ ಮಾರಿದ ದೇಶವೇ ಇರಲಿಲ್ಲ!

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವೆಂಡರ್ ಮುಳುಗಿಹೋದ, ಪ್ರಾಡಕ್ಟ್ ಮಾತ್ರ ನಿಮ್ಮ ಕೈಲಿದೆ, ಅದು ಪ್ರತಿದಿನ ಓಡಲೇಬೇಕು. ಬಿಡಿಭಾಗ ಮಾಡ್ತಿದ್ದ ಕಾರ್ಖಾನೆಗಳು ಈಗ ಬೇರೆಬೇರೆ ದೇಶಗಳ ಪಾಲು. ಮೊದಲು ಯಾರಿಗೆ ಕಾಗದ ಬರೀಬೇಕು ಅನ್ನೋದೇ ಸಮಸ್ಯೆ. ದೊಡ್ಡ ರಿಪೇರಿಗೆ ವಿಮಾನವನ್ನ ರಷ್ಯಾದ ಟಾಗನ್‌ರೋಗ್‌ಗೆ ಹಾರಿಸಿಕೊಂಡು ಹೋಗಬೇಕು. ದಿನದಿನದ ಭಾರ ಮಾತ್ರ ಅರಕ್ಕೋಣಂನ ಶೆಡ್ಡಿನದು. ಎಂಜಿನ್ ಒಂದು ಕಡೆ ಇರಲಿ, ಅದರ ಶಕ್ತಿಯನ್ನ ಎರಡು ದಿಕ್ಕಿಗೆ ಹಂಚುವ ಗೇರ್‌ಬಾಕ್ಸ್ ಒಂದನ್ನೇ ಯೋಚಿಸಿ. ಇದರ ಅಣ್ಣ ಟುಪೋಲೆವ್-95ರ ಮೊದಲ ಮಾದರಿ 1953ರಲ್ಲಿ ಬಿದ್ದು ಸುಟ್ಟುಹೋದದ್ದು ಗೇರ್‌ಬಾಕ್ಸ್ ಕೈಕೊಟ್ಟಿದ್ದರಿಂದಲೇ; ಆಗ ಅದರಲ್ಲಿದ್ದದ್ದು ಬೇರೆ ಎಂಜಿನ್, ನಿಜ.

ಇಷ್ಟೆಲ್ಲ ಇದ್ದೂ, 2017ರ ಮಾರ್ಚ್ 29ರಂದು ರಾಜಾಳಿಯಲ್ಲಿ ಇವಕ್ಕೆ ಬೀಳ್ಕೊಡುಗೆ ಆದಾಗ ದಾಖಲೆಯಲ್ಲಿದ್ದದ್ದು 29 ವರ್ಷ, ಒಂದೂ ಅಪಘಾತ ಇಲ್ಲ. ಪೈಲಟ್‌ಗಳ ಚಾತುರ್ಯ ಇದರಲ್ಲಿ ಖಂಡಿತ ಇದೆ. ಆದರೆ ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಪಾಲು ಸ್ಪ್ಯಾನರ್ ಎಣಿಸಿದವರದ್ದು. ಅವರ ಹೆಸರು ನಮಗೆ ಗೊತ್ತಿಲ್ಲ. ಏನೂ ಆಗದೇ ಇದ್ದದ್ದು ಸುದ್ದಿ ಆಗೋದಿಲ್ಲವಲ್ಲ.

ಅದರ ಜಾಗಕ್ಕೆ ಬಂದದ್ದು ಬೋಯಿಂಗ್‌ನ ಪಿ-8ಐ. ಊರಿಗೆ ಹೋಗುವಾಗ ನಾವು ಹತ್ತುವ 737ರ ಮೇಲೆ ಕಟ್ಟಿದ ಜೆಟ್ ವಿಮಾನ, ಮೊದಲನೆಯದು 2013ರ ಮೇನಲ್ಲಿ ಅರಕ್ಕೋಣಂಗೆ ಬಂತು. ಕೆಲಸಕ್ಕೆ ಅದೇ ಮೇಲು, ಅನುಮಾನ ಬೇಡ.

ಹಳೆಯದನ್ನ ನೋಡೋಕೆ ವಿಶಾಖಪಟ್ಟಣದ ಬೀಚ್ ರಸ್ತೆಗೆ ಹೋಗಬಹುದು, ಅಲ್ಲಿ ಮ್ಯೂಸಿಯಂ ಇದೆ. ಆದರೆ ನಮಗೆ ಇನ್ನೂ ಹತ್ತಿರದ್ದು ಇದೆ. ಅರಕ್ಕೋಣಂನಲ್ಲಿ ಬಿಚ್ಚಿ, ಲಾರಿಗಳ ಮೇಲೆ ಹೇರಿ, ರಸ್ತೆಯಲ್ಲೇ ತಂದು ಮತ್ತೆ ಜೋಡಿಸಿದ ಒಂದು ಟುಪೋಲೆವ್ ಈಗ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಪಕ್ಕದಲ್ಲಿ ನಿಂತಿದೆ. ಹೋದರೆ ಪ್ರೊಪೆಲ್ಲರ್ ಹತ್ತಿರ ನಿಂತು ಮುಂದಿನ ಮತ್ತು ಹಿಂದಿನ ಅಲಗುಗಳ ಓರೆ ನೋಡಿ, ಎರಡೂ ವಿರುದ್ಧ ದಿಕ್ಕಿಗೆ ತಿರುಚಿರುತ್ತವೆ. ನನ್ನ ಸಹಪ್ರಯಾಣಿಕರು ಆ ರೈಲಿನಲ್ಲೇ ಹೇಳಿದ್ರು: ಮೊಮ್ಮಗಳನ್ನ ಕರ್ಕೊಂಡು ಹೋಗಿದ್ರಂತೆ, ಅವಳು ಸೆಲ್ಫಿ ತೆಗೀತಿದ್ದಾಗ ಇವರು ಸುಮ್ಮನೆ ಎಂಜಿನ್ನಿನ ಅಡಿಯಲ್ಲಿ ನೆಲ ನೋಡಿದ್ರಂತೆ, ಎಣ್ಣೆ ಸೋರಿದ ಕಲೆ ಇದೆಯಾ ಅಂತ.