ಟ್ರಾನ್ಸಿಸ್ಟರಿನ ಕಾರ್ಯವಲಯಗಳು: ಚಾಕಿ ಮನೆಯ ಒಂದು ನಿದರ್ಶನ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ‘ಟ್ರಾನ್ಸಿಸ್ಟರ್’ ಎಂದರೆ ಬಹುಕಾಲ ರೇಡಿಯೋ ಎಂದೇ ಅರ್ಥವಿತ್ತು. ಬಿಡಿಭಾಗದ ಹೆಸರು ಇಡೀ ಪೆಟ್ಟಿಗೆಗೆ ಸಂದುದರಿಂದ, ಅದು ಧ್ವನಿಯನ್ನು ವರ್ಧಿಸುವ ಸಾಧನವಷ್ಟೇ ಎಂಬ ಭಾವನೆಯೂ ಬೇರೂರಿತು. ಈ ಸೀಮೆಯ ರೇಷ್ಮೆ ಚಾಕಿ ಮನೆಗಳಿಗೆ ಒಪ್ಪುವ ಉಷ್ಣತಾ ನಿಯಂತ್ರಕದಲ್ಲಿ ಅದರ ಕಾರ್ಯ ಬೇರೆಯೇ ಆಗಿದೆ.

ಸಂಧಿ ಟ್ರಾನ್ಸಿಸ್ಟರನ್ನು ವಿಲಿಯಂ ಶಾಕ್ಲಿ 1948ರಲ್ಲಿ ರೂಪಿಸಿದನು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1960ರ ದಶಕದಲ್ಲಿಯೇ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೆ ತೊಡಗಿತ್ತು. ಇಂದು ಬಳಕೆಯಲ್ಲಿರುವುದು ಬಹುಪಾಲು ಸಿಲಿಕಾನ್.

ಈ ಸಾಧನದಲ್ಲಿ ಉತ್ಸರ್ಜಕ, ಆಧಾರ, ಸಂಗ್ರಾಹಕ ಎಂಬ ಮೂರು ಪದರಗಳೂ ಅವುಗಳ ನಡುವೆ ಎರಡು ಸಂಧಿಗಳೂ ಇವೆ. ಎನ್‌ಪಿಎನ್ ಮಾದರಿಯಲ್ಲಿ ಉತ್ಸರ್ಜಕ ಸಂಧಿಗೆ ಸುಮಾರು 0.7 ವೋಲ್ಟ್ ಮುಮ್ಮುಖ ಬಯಾಸ್ ದೊರೆತಾಗ ಎಲೆಕ್ಟ್ರಾನುಗಳು ಆಧಾರವನ್ನು ಹೊಗುತ್ತವೆ. ಆಧಾರವು ಅತಿ ತೆಳು. ಅದರಲ್ಲಿ ಬೆರಕೆಯ ಪ್ರಮಾಣವೂ ಅಲ್ಪ. ಆದಕಾರಣ ರಂಧ್ರಗಳೊಡನೆ ಕೂಡಿ ಇಲ್ಲವಾಗುವ ಎಲೆಕ್ಟ್ರಾನುಗಳು ಕೆಲವೇ. ಉಳಿದವನ್ನು ಹಿಮ್ಮುಖ ಬಯಾಸಿನಲ್ಲಿರುವ ಸಂಗ್ರಾಹಕ ಸಂಧಿಯು ಸೆಳೆದುಕೊಳ್ಳುತ್ತದೆ. ಇದು ಸಕ್ರಿಯ ವಲಯ. ವರ್ಧನಾಂಕವು 100 ಆಗಿದ್ದರೆ ಆಧಾರದ 0.1 ಮಿಲಿಆಂಪಿಯರ್ ಪ್ರವಾಹವು ಸಂಗ್ರಾಹಕದಲ್ಲಿ 10 ಮಿಲಿಆಂಪಿಯರನ್ನು ಹರಿಸುತ್ತದೆ. ರೇಡಿಯೋದ ವರ್ಧಕಕ್ಕೆ ಬೇಕಾದುದು ಈ ಅನುಪಾತವೇ.

ಎರಡೂ ಸಂಧಿಗಳು ಹಿಮ್ಮುಖವಾದಾಗ ಪ್ರವಾಹ ಬಹುತೇಕ ನಿಲ್ಲುತ್ತದೆ. ಅದು ಕಡಿತ ವಲಯ. ಎರಡೂ ಮುಮ್ಮುಖವಾದಾಗ ಸಂತೃಪ್ತ ವಲಯ. ಇಲ್ಲಿ ಆಧಾರಕ್ಕೆ ಇನ್ನಷ್ಟು ಪ್ರವಾಹವನ್ನಿತ್ತರೂ ಸಂಗ್ರಾಹಕದ ಪ್ರವಾಹ ಅನುಪಾತಕ್ಕೆ ತಕ್ಕಂತೆ ಏರದು. ಉತ್ಸರ್ಜಕ, ಸಂಗ್ರಾಹಕಗಳ ಪಾತ್ರ ಅದಲುಬದಲಾಗುವ ವಿಲೋಮ ವಲಯವೂ ಉಂಟು, ಬಳಕೆ ವಿರಳ.

ಎರಡನೆಯ ಜ್ವರದವರೆಗಿನ ಎಳೆಹುಳುಗಳಿಗೆ 27–28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಹೀಟರನ್ನು ಹೊತ್ತಿಸುವ ರಿಲೇಯ ಸುರುಳಿ 12 ವೋಲ್ಟ್, 400 ಓಮಿನದೆಂದುಕೊಂಡರೆ ಅದಕ್ಕೆ 30 ಮಿಲಿಆಂಪಿಯರ್ ಬೇಕಾಗುತ್ತದೆ. ಲೆಕ್ಕದಂತೆ ಆಧಾರಕ್ಕೆ 0.3 ಮಿಲಿಆಂಪಿಯರ್ ಸಾಕು. ಆದರೆ ವರ್ಧನಾಂಕವು ಬಿಡಿಯಿಂದ ಬಿಡಿಗೆ ಬೇರೆಯಾಗುವುದರಿಂದ ಈ ಲೆಕ್ಕವನ್ನು ನೆಚ್ಚುವಂತಿಲ್ಲ. 3 ಮಿಲಿಆಂಪಿಯರ್ ಕೊಟ್ಟರೆ ಸಾಧನವು ನಿಶ್ಚಿತವಾಗಿ ಸಂತೃಪ್ತವಾಗಿ, ಅದರ ಎರಡು ತುದಿಗಳ ನಡುವೆ ಸುಮಾರು 0.2 ವೋಲ್ಟ್ ಮಾತ್ರ ಉಳಿಯುತ್ತದೆ. ಸಂತೃಪ್ತಿಯಿಂದ ಹೊರಬರಲು ತುಸು ವಿಳಂಬವಾಗುವುದು ನಿಜ. ಅದು ಮೈಕ್ರೋಸೆಕೆಂಡುಗಳ ಮಾತು. ಹುಳುವಿಗೆ ಅದರ ಗೊಡವೆಯಿಲ್ಲ.

ನಿಜವಾದ ಅಪಾಯವಿರುವುದು ನಡುವಣ ಸಕ್ರಿಯ ವಲಯದಲ್ಲಿ. ಕೋಣೆಯ ಉಷ್ಣತೆ ಬದಲಾಗುವುದು ನಿಧಾನ. ಉಷ್ಣಸಂವೇದಕವನ್ನು ನೇರವಾಗಿ ಆಧಾರಕ್ಕೆ ಜೋಡಿಸಿದರೆ ಟ್ರಾನ್ಸಿಸ್ಟರು ಆ ವಲಯದಲ್ಲಿಯೇ ಬಹುಹೊತ್ತು ತಂಗುತ್ತದೆ. ಆಗ ರಿಲೇಯ ಸ್ಪರ್ಶಕಗಳು ಬಿಗಿಯಾಗಿ ಕೂಡದೆ, ಕಿಡಿ ಹಾರಿ, ಕೊನೆಗೆ ಬೆಸೆದುಕೊಳ್ಳಲೂಬಹುದು. ಹಾಗಾದರೆ ಹೀಟರು ಆರುವುದೇ ಇಲ್ಲ, ಚಾಕಿಯೇ ಕೈಬಿಟ್ಟುಹೋದೀತು. ಆದ್ದರಿಂದ ಸಂವೇದಕಕ್ಕೂ ಟ್ರಾನ್ಸಿಸ್ಟರಿಗೂ ನಡುವೆ ಹೋಲಿಕೆ ಮಂಡಲವೊಂದನ್ನು ಇರಿಸಿ, 28ಕ್ಕೆ ಆರಿದ ಹೀಟರು 27ಕ್ಕೆ ಇಳಿದ ಮೇಲೆಯೇ ಹೊತ್ತುವಂತೆ ಅಂತರ ಬಿಡಲಾಗುತ್ತದೆ.