ತಂಬುವಿನ ತೆರೆಯ ಮೇಲಿನ ಚಿಗರಿ

ನವಲಗುಂದದಲ್ಲಿ ಕಾಮನ ಹುಣ್ಣಿವೆ ಬಂತೆಂದರೆ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಸುತ್ತಣ ಹಳ್ಳಿಗಳ ಜನರು ಬಂಡಿ ಕಟ್ಟಿಕೊಂಡು ಬಂದು ಕೂಡುವದು ಹಳೆಯ ರೂಢಿ. 1960ರ ಆಚೀಚೆ, ನಾವು ಏಳೆಂಟು ವರುಷದ ಹುಡುಗರಿದ್ದಾಗ, ಆ ಸುಗ್ಗಿಯ ದಿನಗಳಲ್ಲಿ ತಂಬುವಿನ ಸಿನೇಮಾವೂ ಬರುತ್ತಿತ್ತು. ಕುಳಿತುಕೊಳ್ಳಲು ಎರೆನೆಲ, ನಡುವೆ ಒಂದು ಹಗ್ಗ. ಹಗ್ಗದ ಈಚೆ ಹೆಂಗಸರು ಮಕ್ಕಳು, ಆಚೆ ಗಂಡಸರು.

ಮುಖ್ಯ ಚಿತ್ರಕ್ಕೆ ಮೊದಲು ಸರಕಾರದ ಕಿರುಚಿತ್ರವೊಂದನ್ನು ತೋರಿಸಲೇಬೇಕೆಂಬ ಕಟ್ಟಳೆ ಆಗ ಇದ್ದಿತು. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ ಎಂಬ ಸಂಸ್ಥೆಯು ಇವುಗಳನ್ನು ಮುಂಬಯಿಯಲ್ಲಿ ಸಿದ್ಧಪಡಿಸಿ, ನಾನಾ ಭಾಷೆಗಳಲ್ಲಿ ಮಾತು ಕೂಡಿಸಿ, ಊರೂರಿಗೆ ಕಳಿಸುತ್ತಿತ್ತು. ಆಣೆಕಟ್ಟು, ಗೊಬ್ಬರ, ಮಂತ್ರಿಗಳ ಪ್ರವಾಸ, ಇವೇ ಹೆಚ್ಚು. ಆ ಹೊತ್ತಿನಲ್ಲಿ ಗಂಡಸರು ಬೀಡಿ ಸೇದಲು ಹೊರಗೆ ಹೋಗುವದು ವಾಡಿಕೆ. ಒಂದು ರಾತ್ರಿ ಮಾತ್ರ ಮಂತ್ರಿಗಳ ಬದಲು ತೆರೆಯ ಮೇಲೆ ಬರೆದ ಚಿಗರಿಗಳು ಓಡತೊಡಗಿದವು! ಪಕ್ಕದಲ್ಲಿದ್ದ ಮುದುಕಿಯೊಬ್ಬಳು, "ಇದು ನಮ್ಮ ಕಿಳ್ಳೇಕ್ಯಾತರ ಗೊಂಬಿ ಆಟಾನs ಬಿಡ್ರೆವ್ವಾ" ಎಂದಳು. ತೊಗಲುಗೊಂಬೆಯ ಆಟವನ್ನು ರಾತ್ರಿಯೆಲ್ಲ ಕುಳಿತು ನೋಡಿದವಳ ಆ ಮಾತು ತಪ್ಪೆಂದು ನಮಗೆ ಇಂದಿಗೂ ತೋರುವದಿಲ್ಲ.

ಆ ಚಿತ್ರದ ಹೆಸರು 'ದಿ ಬನ್ಯನ್ ಡೀಯರ್', ಅಂದರೆ ಆಲದ ಜಿಂಕೆ. ಅದು 1957ರದು, ನಮ್ಮೂರಿಗೆ ಬರುವಷ್ಟರಲ್ಲಿ ಅದಕ್ಕೆ ಕೆಲವು ವರುಷ ವಯಸ್ಸಾಗಿತ್ತು. ಇಂಡಿಯಾದಲ್ಲಿಯೇ ಹುಟ್ಟಿ, ಅಮೇರಿಕೆಯ ಡಿಸ್ನಿಯವರಲ್ಲಿ 'ಬ್ಯಾಂಬಿ' ಮೊದಲಾದ ಚಿತ್ರಗಳಿಗೆ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಎಂಬವರು 1956ರಲ್ಲಿ ಮುಂಬಯಿಗೆ ಬಂದು ಫಿಲ್ಮ್ಸ್ ಡಿವಿಜನ್ನಿನ ಕಾರ್ಟೂನು ವಿಭಾಗದ ತರುಣರಿಗೆ ಈ ವಿದ್ಯೆಯನ್ನು ಕಲಿಸಿದರು. ಆ ಕಲಿಕೆಯ ಮೊದಲ ಫಲಗಳಲ್ಲಿ ಇದೊಂದು. ರೇಖೆಗಳಿಗೆ ಅಜಂತೆಯ ಭಿತ್ತಿಚಿತ್ರಗಳೇ ಮಾದರಿ. ಸಿನೇಮಾದ ತೆರೆಯ ಮೇಲೆ ಒಂದು ಸೆಕೆಂದಿಗೆ 24 ಚಿತ್ರಗಳು ಸರಿಯುತ್ತವೆ. ಒಂದೊಂದನ್ನು ಎರಡೆರಡು ಸಲ ಹಿಡಿದರೂ ಹತ್ತು ನಿಮಿಷದ ಆಟಕ್ಕೆ 7,200 ಚಿತ್ರಗಳಾದವು. ನಮ್ಮೂರ ಜಮಖಾನೆಯನ್ನು ಎಳೆ ಎಳೆಯಾಗಿ ನೇಯುವ ಹೆಣ್ಣುಮಕ್ಕಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಥೆಯು ಬೌದ್ಧ ಜಾತಕದ್ದು. ಕಾಶಿಯ ಅರಸನಿಗೆ ದಿನಾಲು ಜಿಂಕೆಯ ಮಾಂಸ ಬೇಕು. ಬೇಟೆಯ ಗದ್ದಲದಲ್ಲಿ ಹಲವು ಜಿಂಕೆಗಳು ವೃಥಾ ಗಾಯಗೊಳ್ಳುವದರಿಂದ, ಉದ್ಯಾನದೊಳಗಿನ ಎರಡು ಹಿಂಡುಗಳು ಸರದಿಯಂತೆ ದಿನಕ್ಕೊಂದನ್ನು ಕಳಿಸಲು ಒಪ್ಪುತ್ತವೆ. ಒಂದು ದಿನ ಸರದಿಯು ಬಸುರಿಯಾದ ಹೆಣ್ಣುಜಿಂಕೆಗೆ ಬಂತು. ಅವಳ ಹಿಂಡಿನ ಒಡೆಯನು ಕಟ್ಟಳೆ ಕಟ್ಟಳೆಯೇ ಎಂದುಬಿಟ್ಟನು. ಇನ್ನೊಂದು ಹಿಂಡಿನ ಒಡೆಯನಾದ ಆಲದ ಜಿಂಕೆಯು ಅವಳ ಬದಲು ತಾನೇ ಹೋಗಿ ಕೊರಳೊಡ್ಡಿತು. ಅರಸನು ಬೆರಗಾಗಿ ಅದಕ್ಕೂ ಅವಳಿಗೂ, ಕೊನೆಗೆ ಎಲ್ಲ ಪ್ರಾಣಿಗಳಿಗೂ ಅಭಯವನ್ನಿತ್ತನು.

ನಮಗೆ ನೆನಪಿನಲ್ಲಿ ಉಳಿದದ್ದು ಜಿಂಕೆಗಳ ನೆಗೆತವೊಂದೇ. ಹಗ್ಗದಾಚೆಯಿಂದ ಯಾರೋ, "ಎಲ್ಲಾ ಚಿಗರಿ ಬಿಟ್ಟ ಮ್ಯಾಲ ನಮ್ಮ ಕಡ್ಲಿ ಗತಿ ಏನ್ರೀ ಮಹಾರಾಜರs?" ಎಂದು ಕೂಗಿದರು, ತಂಬುವೆಲ್ಲ ನಕ್ಕಿತು, ನಾವೂ ನಕ್ಕೆವು. ಅವ್ವ ಮಾತ್ರ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದಳು. ಏಕೆಂದು ಕೇಳಿದ್ದಕ್ಕೆ, "ಬೀಡಿ ಹೊಗಿ ತಮ್ಮಾ" ಎಂದಳು.

ಕಳೆದ ದೀಪಾವಳಿಯಲ್ಲಿ ಮೊಮ್ಮಗಳು ಅದೇ ಚಿತ್ರವನ್ನು ಅಂಗೈಯಗಲದ ಫೋನಿನಲ್ಲಿ ಹುಡುಕಿ ತೆಗೆದು ನಮ್ಮ ಮುಂದೆ ಹಿಡಿದಳು. ಅರುವತ್ತು ವರುಷಗಳ ಮೇಲೆ ನೋಡಿದಾಗ ಅಲ್ಲಲ್ಲಿ ಚಲನೆಯು ಬಿಗಿಯೆನಿಸಿತು; ಇಂದಿನ ಮಕ್ಕಳ ಕಣ್ಣಿಗೆ ಅದು ನಿಧಾನವೇ ಸರಿ. ಆ ವಿಭಾಗದವರು ಮುಂದೆ ಕುಟುಂಬಯೋಜನೆಯಂಥ ವಿಷಯಗಳ ಮೇಲೆ ತೆಗೆದ ಚಿತ್ರಗಳಲ್ಲಿ ಕೆಲವು, ನಮ್ಮ ಮಟ್ಟಿಗೆ, ಬರಿಯ ಉಪದೇಶಗಳು. ಆದರೆ ಈ ಜಿಂಕೆಯು ಹಾಗಲ್ಲ. ಬಸುರಿಯ ಸರದಿ ಬಂದ ಕಥೆಯನ್ನು ಕೇಳುತ್ತಿದ್ದಂತೆ ನಮಗೆ ಫಕ್ಕನೆ ಹೊಳೆಯಿತು: ಆ ಸುಗ್ಗಿಯಲ್ಲಿ ನಮ್ಮ ತಂಗಿಯು ಅವ್ವನ ಹೊಟ್ಟೆಯಲ್ಲಿದ್ದಳು. ಅದಕ್ಕೆ ಮೊದಲು ಎರಡು ಕೂಸುಗಳನ್ನು ಅವಳು ಮಣ್ಣಿಗೆ ಕೊಟ್ಟಿದ್ದಳು. ಏಳು ವರುಷದ ಹುಡುಗನಿಗೆ ಹೊಗೆಯ ಮಾತನ್ನು ನಂಬದಿರಲು ಕಾರಣವೇನಿತ್ತು? ಇನ್ನು ಕೇಳೋಣವೆಂದರೆ ಅವ್ವ ಇಲ್ಲ.

"ಆ ಚಿಗರಿ ಸಾಯಾಂಗಿಲ್ಲಲ್ಲ ಅಜ್ಜಾ?" ಎಂದು ಮೊಮ್ಮಗಳು ಎರಡು ಸಲ ಕೇಳಿದಳು. ಇಲ್ಲವೆಂದೆವು.

ಹಗ್ಗದಾಚೆಯ ಆ ರೈತನ ಪ್ರಶ್ನೆಗೆ ಉತ್ತರವು ಮೂಲ ಜಾತಕದಲ್ಲಿಯೇ ಇರುವದನ್ನು ನಾವು ಮುಂದೆ ಓದಿ ಕಂಡೆವು. ಅಭಯ ಪಡೆದ ಜಿಂಕೆಗಳು ಜನರ ಪೈರನ್ನು ಮೇಯತೊಡಗಿದವಂತೆ. ಅರಸನ ಮಾತಿಗೆ ಅಂಜಿ ಯಾರೂ ಅವನ್ನು ಹೊಡೆಯಲಾರದೆ ಅರಮನೆಗೆ ದೂರು ಒಯ್ದರಂತೆ. ಆಗ ಆಲದ ಜಿಂಕೆಯು ತನ್ನ ಹಿಂಡಿಗೆ ಹೊಲ ಹೊಗಬಾರದೆಂದು ಕಟ್ಟುಮಾಡಿ, ಬೇಲಿ ಬೇಡ, ಹೊಲದಂಚಿಗೆ ಗುರುತಾಗಿ ಎಲೆಗಳನ್ನು ಕಟ್ಟಿರಿ ಸಾಕು ಎಂದು ರೈತರಿಗೆ ಹೇಳಿಕಳಿಸಿತು. ಅಷ್ಟು ಹಿಂದೆಯೇ ಕಥೆಗಾರನು ರೈತನನ್ನು ಮರೆತಿರಲಿಲ್ಲವೆಂಬುದು ನಮಗೆ ಬಲು ಸಮಾಧಾನದ ಸಂಗತಿ.

ನಮ್ಮ ಎರೆಹೊಲಗಳಿಗೆ ಚಿಗರಿಗಳು ಇಂದಿಗೂ ಹಿಂಡುಗಟ್ಟಿ ಬರುತ್ತವೆ. ಎಲೆಯ ಗುರುತನ್ನು ಅವು ಮರೆತಿರಬೇಕು. ಈ ಹಿಂಗಾರಿಯಲ್ಲಿಯೂ ಮಗನು ಕಡಲೆಯ ಸುತ್ತ ಹಳೆಯ ಸೀರೆಗಳನ್ನು ಕಟ್ಟಿದ್ದಾನೆ. ಮೊಮ್ಮಗಳು ಒಂದು ಮೂಲೆಯಲ್ಲಿ ಬೇವಿನ ಟೊಂಗೆಯನ್ನೂ ಸಿಗಿಸಿ ಬಂದಿದ್ದಾಳೆ.