ಮೂಗಿಗೆ ತಿಳಿಯದ ಅನಿಲ

ಅಡುಗೆಮನೆಯಲ್ಲಿ ಗ್ಯಾಸು ಸೋರಿದರೆ ಮೊದಲು ತಿಳಿಯುವುದು ಮೂಗಿಗೆ. ಆ ದುರ್ವಾಸನೆ ಅನಿಲದ ಸ್ವಂತದ್ದಲ್ಲ. ಸೋರಿಕೆ ಗೊತ್ತಾಗಲೆಂದೇ ಗಂಧಕದ ಸಂಯುಕ್ತವೊಂದನ್ನು ಅದಕ್ಕೆ ಬೆರೆಸಿರುತ್ತಾರೆ. ಪ್ರಯೋಗಾಲಯದ ಇನ್‌ಕ್ಯುಬೇಟರಿಗೆ ಜೋಡಿಸುವ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಲ್ಲಿ ಈ ಉಪಕಾರವಿಲ್ಲ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತ ಮಕ್ಕಳು ಮಂಗಳೂರು, ಮಣಿಪಾಲ, ಬೆಂಗಳೂರುಗಳ ಪ್ರಯೋಗಾಲಯಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ. ಯಂತ್ರದೊಡನೆ ಬರುವ ಪುಸ್ತಕ ಇಂಗ್ಲಿಷಿನದು. ಸಿಲಿಂಡರು ಬದಲಿಸುವ ಕೆಲಸ ಮಾತ್ರ ಹೊಸಬರ ಪಾಲಿಗೆ! ಆದುದರಿಂದ ಈ ವಿಷಯವನ್ನು ಕನ್ನಡದಲ್ಲಿ ಹೇಳುವುದು ಅಗತ್ಯವೆಂದು ನಮಗೆ ತೋರಿತು.

ಇನ್‌ಕ್ಯುಬೇಟರನ್ನು ಕಾವುಪೆಟ್ಟಿಗೆ ಎನ್ನೋಣ. ಕೋಳಿ ಮೊಟ್ಟೆಗೆ ಕಾವು ಕೊಡುವಂತೆ ಇದು ಜೀವಕೋಶಗಳನ್ನು, ಬಂಜೆತನದ ಚಿಕಿತ್ಸೆಯಲ್ಲಿ ಭ್ರೂಣಗಳನ್ನು, ನಮ್ಮ ಮೈಯ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಪಾಡುತ್ತದೆ. ಅವು ಬೆಳೆಯುವ ದ್ರಾವಣದಲ್ಲಿ ಬೈಕಾರ್ಬೊನೇಟ್ ಇರುತ್ತದೆ. ಪೆಟ್ಟಿಗೆಯ ಗಾಳಿಯಲ್ಲಿ ಸುಮಾರು ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದರೆ ಮಾತ್ರ ದ್ರಾವಣದ ಆಮ್ಲ-ಕ್ಷಾರ ಪ್ರಮಾಣ ಸರಿಯಾಗಿ ನಿಲ್ಲುತ್ತದೆ. ಸಿಲಿಂಡರು ಬೇಕಾಗುವುದು ಇದಕ್ಕೆ.

2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಸ್ಫೋಟವಾಗಿ ಯುವ ಸಂಶೋಧಕರೊಬ್ಬರು ತೀರಿಕೊಂಡರು, ಮೂವರು ಗಾಯಗೊಂಡರು. ಅಲ್ಲಿದ್ದುದು ಜಲಜನಕ. ಇಂಗಾಲದ ಡೈಆಕ್ಸೈಡ್ ಉರಿಯುವುದಿಲ್ಲ, ಬೆಂಕಿ ಆರಿಸುವುದಕ್ಕೂ ಅದನ್ನೇ ಬಳಸುತ್ತಾರೆ. ಇದರಿಂದಲೇ ಉದಾಸೀನ ಹುಟ್ಟುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. 30 ಕಿಲೋ ಹಿಡಿಯುವ ಸಿಲಿಂಡರು ಪೂರ್ತಿ ಸೋರಿದರೆ ಸುಮಾರು 16 ಘನ ಮೀಟರ್ ಅನಿಲವಾಗುತ್ತದೆ. ಐದು ಮೀಟರ್ ಉದ್ದ, ನಾಲ್ಕು ಅಗಲ, ಮೂರು ಎತ್ತರದ ಕೋಣೆಯ ಒಟ್ಟು ಗಾಳಿಯೇ 60 ಘನ ಮೀಟರ್. ಬಾಗಿಲು ಕಿಟಕಿ ಮುಚ್ಚಿದ ಹವಾನಿಯಂತ್ರಿತ ಕೋಣೆಯಾದರೆ ಅರ್ಧ ಸಿಲಿಂಡರು ಸೋರಿದರೂ ಪ್ರಮಾಣ ಶೇಕಡಾ 10ನ್ನು ಮೀರುತ್ತದೆ. ಅಷ್ಟರಲ್ಲಿ ಮನುಷ್ಯ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಗಾಳಿಗಿಂತ ಒಂದೂವರೆ ಪಾಲು ಭಾರವಾದ್ದರಿಂದ ಅನಿಲ ನೆಲದ ಬಳಿ ಹೆಚ್ಚು ತಂಗುತ್ತದೆ; ಬಿದ್ದವನು ಬೀಳುವುದೂ ಅದರೊಳಕ್ಕೇ.

ನಮ್ಮ ಕಡೆ ಸುರಂಗ ತೋಡುವವರು ದೀಪ ಹಿಡಿದು ಒಳಹೋಗುತ್ತಾರೆ, ದೀಪ ಆರಿದರೆ ಹೊರಬರುತ್ತಾರೆ. ಆ ಉಪಾಯ ಇಲ್ಲಿ ನಡೆಯದು. ತಲೆನೋವು, ಏದುಸಿರು ತರುವ ಶೇಕಡಾ 5ರಲ್ಲೂ ದೀಪ ಉರಿಯುತ್ತಲೇ ಇರುತ್ತದೆ. ಆಮ್ಲಜನಕದ ಮಾಪಕವೂ ಸಾಲದು: ಇಂಗಾಲದ ಡೈಆಕ್ಸೈಡ್ ಶೇಕಡಾ 10 ಆದಾಗಲೂ ಆಮ್ಲಜನಕ 19ರ ಹತ್ತಿರವೇ ಇರುತ್ತದೆ. ಇಂಗಾಲದ ಡೈಆಕ್ಸೈಡನ್ನೇ ಅಳೆಯುವ ಮಾಪಕವನ್ನು ಗೋಡೆಯ ಕೆಳಭಾಗದಲ್ಲಿ ಹಾಕಿಸಬೇಕು. ಯಾರಾದರೂ ಒಳಗೆ ಬಿದ್ದಿದ್ದರೆ ಹಿಂದುಮುಂದು ನೋಡದೆ ನುಗ್ಗಬಾರದು. ಬಾವಿಗಿಳಿದವನನ್ನು ಎತ್ತಲು ಹೋಗಿ ಇನ್ನೊಬ್ಬನೂ ಸಾಯುವ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ.

ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿಯಿಂದ ಬಿಗಿಯಬೇಕು. ಒಳಗಿರುವುದು ದ್ರವ, ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ರೆಗ್ಯುಲೇಟರು ಈ ಅನಿಲಕ್ಕೆಂದೇ ಮಾಡಿದ್ದಾಗಿರಬೇಕು. ತಿರುಪು ಕೂಡದಿದ್ದರೆ ಅದು ಬೇರೆ ಅನಿಲದ್ದೆಂದು ತಿಳಿಯಬೇಕೇ ಹೊರತು ಒತ್ತಾಯದಿಂದ ತಿರುಗಿಸಬಾರದು, ಟೇಪು ಸುತ್ತಬಾರದು, ಎಣ್ಣೆ ಹಚ್ಚಬಾರದು. ವಾಷರು ಸವೆದಿದ್ದರೆ ಹೊಸದು ಹಾಕಬೇಕು. ರೆಗ್ಯುಲೇಟರಿನ ಹಿಡಿಯನ್ನು ಪೂರ್ತಿ ಸಡಿಲಿಸಿ, ಪಕ್ಕಕ್ಕೆ ನಿಂತು, ಸಿಲಿಂಡರಿನ ಕವಾಟವನ್ನು ಮೆಲ್ಲಗೆ ತೆರೆಯಬೇಕು. 20 ಡಿಗ್ರಿಯಲ್ಲೇ ಒಳಗಿನ ಒತ್ತಡ ವಾಯುಭಾರದ ಐವತ್ತು ಪಾಲಿಗಿಂತ ಹೆಚ್ಚು. ನಮ್ಮ ಕರಾವಳಿಯ ಸೆಕೆಯಲ್ಲಿ ಇನ್ನೂ ಏರುತ್ತದೆ. ಕಾವುಪೆಟ್ಟಿಗೆಗೆ ಹೋಗುವ ಒತ್ತಡವನ್ನು ಅದರ ಪುಸ್ತಕದಲ್ಲಿ ಹೇಳಿದಷ್ಟಕ್ಕೇ ಇಡಬೇಕು. ಕೊಳವೆಯ ಎರಡು ತುದಿಗೂ ಕ್ಲಿಪ್ಪು ಹಾಕಿ, ಪ್ರತಿ ಕೀಲಿಗೂ ಸಾಬೂನು ನೀರು ಹಚ್ಚಿ ನೋಡಬೇಕು. ಮೂಗು ಮಾಡದ ಕೆಲಸವನ್ನು ನೊರೆಯ ಗುಳ್ಳೆ ಮಾಡುತ್ತದೆ.

ಮಾಪಕದ ಮುಳ್ಳು ಇಳಿದಿಲ್ಲವೆಂದು ಸಿಲಿಂಡರು ತುಂಬಿದೆಯೆಂದು ನಂಬುವವರಿದ್ದಾರೆ. ದ್ರವ ಉಳಿದಿರುವವರೆಗೆ ಮುಳ್ಳು ಹೆಚ್ಚು ಕದಲುವುದಿಲ್ಲ. ತೂಗಿಯೇ ತಿಳಿಯಬೇಕು.

ಬೆಟ್ಟದ ಊರುಗಳಲ್ಲಿ ಇನ್ನೊಂದು ತೊಡಕು. ಶಾಲಾ ಪ್ರವಾಸಕ್ಕೆಂದು ಸೇಲಂನಿಂದ ಏರ್ಕಾಡಿಗೆ ಹೋದಾಗ, ಕೆಳಗೆ ಕೊಂಡ ಚಿಪ್ಸಿನ ಪೊಟ್ಟಣಗಳು ಇಪ್ಪತ್ತು ಹೇರ್‌ಪಿನ್ ತಿರುವು ದಾಟುವಷ್ಟರಲ್ಲಿ ಬಲೂನಿನಂತೆ ಉಬ್ಬಿದ್ದನ್ನು ನಮ್ಮ ಮಕ್ಕಳು ನೋಡಿದ್ದಾರೆ. ಏರ್ಕಾಡು ಸಮುದ್ರ ಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುಭಾರ ಮಂಗಳೂರಿನದಕ್ಕಿಂತ ಆರನೇ ಒಂದು ಪಾಲು ಕಡಿಮೆ. ಅಂಥಲ್ಲಿ ಶೇಕಡಾ 5 ಎಂದು ಇಟ್ಟರೆ ದ್ರಾವಣದಲ್ಲಿ ಕರಗುವ ಅನಿಲ ಸಾಲದು. ಕರಾವಳಿಯ 5ಕ್ಕೆ ಅಲ್ಲಿ ಸುಮಾರು 6 ಬೇಕು. ಫೀನಾಲ್ ರೆಡ್ ಸೇರಿದ ದ್ರಾವಣ ಕೆಂಪು ಬಿಟ್ಟು ನೇರಳೆಯತ್ತ ತಿರುಗುವುದು ಈ ಕೊರತೆಯ ಗುರುತು. ಅದನ್ನು ಕಂಡೊಡನೆ ರೆಗ್ಯುಲೇಟರಿನ ಹಿಡಿ ತಿರುಗಿಸಿ ಒತ್ತಡ ಏರಿಸಲು ಕೈ ಹೋಗುತ್ತದೆ. ಹಾಗೆ ಮಾಡಿದರೆ ಪೆಟ್ಟಿಗೆಯೊಳಗಿನ ಪ್ರಮಾಣ ಸರಿಹೋಗುವುದಿಲ್ಲ, ಕೊಳವೆ ಕಳಚಿ ಅನಿಲ ಕೋಣೆಗೆ ನುಗ್ಗಬಹುದು. ಸರಿಪಡಿಸಬೇಕಾದದ್ದು ಕಾವುಪೆಟ್ಟಿಗೆಯ ಫಲಕದಲ್ಲಿರುವ ಶೇಕಡಾ ಅಂಕಿಯನ್ನು.